ಡೊಂಬಿವಲಿಯ ಬಾಲ್ಕನಿಯಲ್ಲಿ ಧಾರವಾಡ: ಮನೆಯಲ್ಲೇ ಕಟ್ಟುವ ಲೂಪ್ ಆಂಟೆನಾ

ಅವ್ವ ಧಾರವಾಡದಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಾಗ ತಂದದ್ದು ಎರಡು ಟ್ರಂಕು, ಒಂದು ರೊಟ್ಟಿ ಹಂಚು, ಒಂದು ಟ್ರಾನ್ಸಿಸ್ಟರ್. ಹಂಚು ಮೊದಲ ದಿನವೇ ಒಲೆ ಏರಿತು. ಟ್ರಾನ್ಸಿಸ್ಟರ್ ಮಾತ್ರ ಮಾತಾಡಲಿಲ್ಲ. ನಾಲ್ಕನೇ ಮಹಡಿಯ ನಮ್ಮ ಮನೆಯಲ್ಲಿ ರಾತ್ರಿ ಮುಳ್ಳು ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸಿಗೆ ಬಂದು ನಿಂತರೆ ಕೇಳುತ್ತಿದ್ದದ್ದು ಬರಿಯ ಚರಚರ. ಅವ್ವ ಎರಡು ದಿನ ಕಿವಿಗೆ ಹಚ್ಚಿಕೊಂಡು ಕೇಳಿದಳು, ಮೂರನೇ ದಿನ ತೀರ್ಪು ಕೊಟ್ಟಳು: "ಇದು ಧಾರವಾಡ ಅಲ್ಲಪ್ಪ, ಕಾದ ಎಣ್ಣೆಗೆ ಮಿರ್ಚಿ ಬಿಟ್ಟ ಸಪ್ಪಳ."

ಆಕಾಶವಾಣಿಯ ಆ್ಯಪ್‌ನಲ್ಲಿ ಧಾರವಾಡ ಸಿಗುತ್ತದೆ ಎಂಬುದು ನನಗೂ ಗೊತ್ತು, ಅವ್ವನಿಗೂ ತೋರಿಸಿದೆ. ಅವಳಿಗೆ ಬೇಕಾದದ್ದು ಕಿವಿ ತಿರುವಿದರೆ ಮಾತಾಡುವ ಪೆಟ್ಟಿಗೆ. ಹೀಗಾಗಿ ನಾನು ಎರಡು ತಿಂಗಳು ತಂತಿ, ಪಟ್ಟಿ, ಬೆಸುಗೆಯ ಹಿಂದೆ ಬಿದ್ದೆ. ಮೊದಲು ಮಾಡಿದ್ದೆಲ್ಲ ತಪ್ಪು. ಬಾಲ್ಕನಿಯ ಗ್ರಿಲ್ಲಿಗೆ ಹತ್ತು ಮೀಟರ್ ತಾಮ್ರದ ತಂತಿ ಹಬ್ಬಿಸಿ ಅದರ ತುದಿಯನ್ನು ರೇಡಿಯೊಗೆ ಸುತ್ತಿದೆ. ಚರಚರ ಇಮ್ಮಡಿಯಾಯಿತು. ರೈಲ್ವೆ ನಿಲ್ದಾಣದ ಬಳಿಯ ಅಂಗಡಿಯೊಂದರಲ್ಲಿ "ಬೂಸ್ಟರ್" ಎಂದು ಮಾರುತ್ತಿದ್ದ ಡಬ್ಬಿ ತಂದೆ. ಅದು ಚರಚರವನ್ನು ಇನ್ನಷ್ಟು ನಿಷ್ಠೆಯಿಂದ ದೊಡ್ಡದು ಮಾಡಿತು.

ಆಮೇಲೆ ತಲೆಗೆ ಹೊಳೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪ್ರತಿ ಹಂತವೂ ಅದರ ಮೇಲೆ ನಿಂತಿದೆ. ಮುಂಬಯಿಯಲ್ಲಿ ಕೊರತೆ ಇರುವುದು ಸಿಗ್ನಲ್ಲಿಗಲ್ಲ, ನಿಶ್ಶಬ್ದಕ್ಕೆ. ಧಾರವಾಡದ 200 ಕಿಲೊವ್ಯಾಟ್ ಪ್ರೇಷಕದ (ಟ್ರಾನ್ಸ್‌ಮಿಟರಿನ) ಅಲೆ ರಾತ್ರಿ ನಿಮ್ಮ ಕಿಟಕಿಯವರೆಗೆ ಬಂದೇ ಬರುತ್ತದೆ. ಅದು ನಿಮ್ಮ ಮನೆಯ ಚಾರ್ಜರ್, ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸುಗಳ ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಆದ್ದರಿಂದ ಕೆಲಸದ ಕ್ರಮ ಹೀಗೆ: ಮೊದಲು ಗದ್ದಲ ಇಳಿಸಬೇಕು, ನಂತರ ಲೂಪ್ ಆಂಟೆನಾ, ಅಂದರೆ ಮರದ ಚೌಕಟ್ಟಿಗೆ ಸುತ್ತಿದ ತಂತಿಯ ಸುರುಳಿ, ಕಟ್ಟಬೇಕು. ಬೂಸ್ಟರನ್ನು ಮರೆತರೂ ನಡೆಯುತ್ತದೆ.

ಕಟ್ಟುವ ಮೊದಲು ಒಂದು ರಾತ್ರಿಯ ಪರೀಕ್ಷೆ

ಡೊಂಬಿವಲಿಯಿಂದ ಧಾರವಾಡ ನೇರ ಗೆರೆಯಲ್ಲಿ ಸುಮಾರು 460 ಕಿ.ಮೀ. ಹಗಲಲ್ಲಿ ಅಷ್ಟು ದೂರದ ಮೀಡಿಯಂ ವೇವ್ ಕೇಂದ್ರ ಸಿಗಲೆಂದು ಹಟ ಹಿಡಿಯಬೇಡಿ. ನೆಲದಿಂದ ಅರವತ್ತು–ತೊಂಬತ್ತು ಕಿ.ಮೀ. ಎತ್ತರದಲ್ಲಿ ಗಾಳಿಯ ಒಂದು ಪದರ ಸೂರ್ಯನ ಬಿಸಿಲಿಗೆ ವಿದ್ಯುತ್ಕಣಗಳಿಂದ ತುಂಬಿ, ಮೇಲೇರುವ ಮೀಡಿಯಂ ವೇವ್ ಅಲೆಗಳನ್ನೆಲ್ಲ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ಮತ್ತೆ ನೆಲಕ್ಕೆ ಬಾಗುತ್ತದೆ. ನಮ್ಮ ಕಡೆ ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲಾಗುತ್ತದೆ, ಜೂನಿನಲ್ಲಿ ಏಳೂಕಾಲು ದಾಟಬೇಕು. ಚಳಿಗಾಲದ ಸಂಜೆ ಧಾರವಾಡ ಬೇಗ ಬರುವುದು ಇದರಿಂದಲೇ.

ಮೀಡಿಯಂ ವೇವ್ ಕೇಂದ್ರಗಳು ಅಲ್ಲಲ್ಲಿ ಬಾಗಿಲು ಹಾಕುತ್ತಿರುವ ಕಾಲ ಇದು. ಆದ್ದರಿಂದ ಮರದ ಪಟ್ಟಿಗೆ ಗರಗಸ ಹಚ್ಚುವ ಮೊದಲು ರಾತ್ರಿ ಎಂಟೂವರೆಯ ನಂತರ ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿಕೊಂಡು ಕಟ್ಟಡಗಳಿಂದ ದೂರ, ಒಂದು ಮೈದಾನಕ್ಕೋ ಖಾಡಿಯ (ಸಮುದ್ರದ ಹಿನ್ನೀರಿನ) ದಂಡೆಗೋ ಹೋಗಿ. ಅಲ್ಲಿ 765 ಕಿಲೊಹರ್ಟ್ಸ್ ಹಚ್ಚಿ, ರೇಡಿಯೊವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಬೆಂಗಳೂರು ಬೇಕಾದವರು 612 ನೋಡಿ. ಮೈದಾನದಲ್ಲಿ ಕನ್ನಡ ಕೇಳಿದರೆ ಮನೆಯಲ್ಲೂ ಕೇಳಿಸಬಹುದು. ಮೈದಾನದಲ್ಲೂ ಏನೂ ಇಲ್ಲದಿದ್ದರೆ ಎರಡು ಮೂರು ಬೇರೆ ಬೇರೆ ರಾತ್ರಿ ನೋಡಿ. ಆಗಲೂ ಇಲ್ಲವಾದರೆ ಕೈಬಿಡಿ. ಯಾವ ಆಂಟೆನಾವೂ ಇಲ್ಲದ ಅಲೆಯನ್ನು ಹುಟ್ಟಿಸುವುದಿಲ್ಲ.

ನಾನು ಈ ಪರೀಕ್ಷೆಗೆ ಅವ್ವನನ್ನೇ ಕರೆದುಕೊಂಡು ಹೋಗಿದ್ದೆ. ಮೈದಾನದ ಕಟ್ಟೆಯ ಮೇಲೆ ಕುಳಿತು ಅವಳು ಪೂರ್ತಿ ಒಂದು ಭಾವಗೀತೆ ಕೇಳಿದಳು. ನಾಯಿಗಳು ಬಂದು ಮೂಸಿ ಹೋದವು.

ಗದ್ದಲದ ಬೇಟೆ

ಇದಕ್ಕೆ ಬೇಕಾದ ಯಂತ್ರ ಅದೇ ಟ್ರಾನ್ಸಿಸ್ಟರ್. ಸೆಲ್ಲಿನ ಮೇಲೆಯೇ ನಡೆಸಿ, ಅಡಾಪ್ಟರ್ ಹಚ್ಚಬೇಡಿ. 765ರ ಪಕ್ಕದಲ್ಲಿ ಯಾವ ಕೇಂದ್ರವೂ ಇಲ್ಲದ ಖಾಲಿ ಜಾಗದಲ್ಲಿ ಮುಳ್ಳು ನಿಲ್ಲಿಸಿ, ದನಿಯನ್ನು ಅರ್ಧಕ್ಕೆ ಇಟ್ಟುಕೊಂಡು ಮನೆಯೆಲ್ಲ ಸುತ್ತಿ. ಯಾವ ಗೋಡೆಯ ಹತ್ತಿರ, ಯಾವ ಪ್ಲಗ್ಗಿನ ಹತ್ತಿರ ಚರಚರ ಏರುತ್ತದೋ ಅಲ್ಲಿ ಕಳ್ಳ ಇದ್ದಾನೆ.

ನಮ್ಮ ಮನೆಯ ಕಳ್ಳರ ಪಟ್ಟಿ: ಅಡುಗೆಮನೆಯ ಎಲ್‌ಇಡಿ ಟ್ಯೂಬು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ನಾನು ನಂಬಲೇ ಇಲ್ಲದ ಒಂದು ಅಗ್ಗದ ಮೊಬೈಲ್ ಚಾರ್ಜರ್. ಮೊಬೈಲ್ ಹಚ್ಚದೆ ಬರಿದೆ ಪ್ಲಗ್ಗಿಗೆ ಸಿಕ್ಕಿಸಿಟ್ಟಿದ್ದರೂ ಅದು ಕಿರುಚುತ್ತಿತ್ತು. ಇವೆಲ್ಲ ಮನೆಯ ವಿದ್ಯುತ್ತನ್ನು ಸೆಕೆಂಡಿಗೆ ಎಷ್ಟೋ ಸಲ ಕತ್ತರಿಸಿ ಜೋಡಿಸುವ ಸಲಕರಣೆಗಳು. ಹಾಗೆ ಕತ್ತರಿಸುವಾಗ ಏಳುವ ಅಲೆ ಗೋಡೆಯೊಳಗಿನ ವೈರಿಂಗ್ ಹಿಡಿದು ಮನೆಯೆಲ್ಲ ಹರಡುತ್ತದೆ. ಗ್ರಿಲ್ಲಿನ ಮೇಲೆ ಹಬ್ಬಿಸಿದ ನನ್ನ ಉದ್ದ ತಂತಿ ಹಿಡಿದು ತಂದದ್ದು ಇದನ್ನೇ.

ಸುತ್ತಾಡಿಯೂ ಗೊತ್ತಾಗದಿದ್ದರೆ ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿ ಕೇಳಿ. ಎಲ್ಲವನ್ನೂ ಇಳಿಸಿದರೂ ಗದ್ದಲ ಉಳಿದರೆ ಅದು ಪಕ್ಕದ ಮನೆಯದೋ ಲಿಫ್ಟಿನದೋ. ಹಳಿಯ ಹತ್ತಿರ ಇರುವವರಿಗೆ ಇನ್ನೊಂದು ಬಗೆ ಉಂಟು. ಲೋಕಲ್ ಹೋಗುವಾಗ ಮೇಲಿನ ತಂತಿಗೂ ಅದರಿಂದ ವಿದ್ಯುತ್ ಹಿಡಿಯುವ ರೈಲಿನ ಪ್ಯಾಂಟೋಗ್ರಾಫಿಗೂ ನಡುವೆ ಕಿಡಿ ಹಾರಿದರೆ ರೇಡಿಯೊದಲ್ಲಿ ಟಪಟಪ ಎನ್ನುತ್ತದೆ. ಅದಕ್ಕೆ ಮದ್ದಿಲ್ಲ, ರೈಲು ಹೋಗುವವರೆಗೆ ಕಾಯಬೇಕು.

ನಾನು ಚಾರ್ಜರನ್ನು ಕಸಕ್ಕೆ ಹಾಕಿದೆ. ಸೆಟ್‌ಟಾಪ್ ಬಾಕ್ಸಿನ ವೈರಿಗೆ ಫೆರೈಟ್ ಕ್ಲಿಪ್ ತೊಡಿಸಿದೆ. ಹಳೆಯ ಮಾನಿಟರ್ ಕೇಬಲ್ಲಿನಲ್ಲಿ ಗಂಟಿನಂತೆ ಇರುತ್ತದಲ್ಲ, ಅದರದೇ ಬಿಚ್ಚಿ ಮುಚ್ಚುವ ರೂಪ ಅದು. ವೈರನ್ನು ಅದರೊಳಗೆ ಎರಡು ಮೂರು ಸಲ ಸುತ್ತಿ ಹಾಯಿಸಿದರೆ ಪರಿಣಾಮ ಹೆಚ್ಚು. ಇನ್ನುಳಿದದ್ದಕ್ಕೆ ಶಿಸ್ತು: ಅವ್ವ ರೇಡಿಯೊ ಕೇಳುವ ಹೊತ್ತಿಗೆ ಅಡುಗೆಮನೆಯ ಟ್ಯೂಬು ಆರಿರಬೇಕು. ಹೆಂಡತಿ ಈ ಶರತ್ತಿಗೆ ಒಪ್ಪಿದ್ದು ರಾತ್ರಿಯ ಪಾತ್ರೆ ನಾನೇ ತೊಳೆಯುತ್ತೇನೆ ಎಂಬ ಮರುಶರತ್ತಿನ ಮೇಲೆ.

ಸಾಮಾನು

ಲ್ಯಾಮಿಂಗ್ಟನ್ ರೋಡಿನಲ್ಲಿ, ಅಂದರೆ ಗ್ರಾಂಟ್ ರೋಡ್ ನಿಲ್ದಾಣದಿಂದ ಕಾಲುನಡಿಗೆಯ ಬೀದಿಯಲ್ಲಿ, ಎಲ್ಲವೂ ಒಂದೇ ಸುತ್ತಿಗೆ ಸಿಗುತ್ತದೆ. ಪುಣೆಯವರು ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಗೆ ಹೋಗಬಹುದು.

ತಂತಿ: ಪ್ಲಾಸ್ಟಿಕ್ ಹೊದಿಕೆಯ, ಎಳೆಎಳೆಯಾದ ಹುಕ್‌ಅಪ್ ವೈರ್ 30 ಮೀಟರ್. ಅಂಗಡಿಯಲ್ಲಿ "14/36" ಎಂದು ಕೇಳಿ, ಹಾಗೆಂದರೆ 36 ಗೇಜಿನ ಹದಿನಾಲ್ಕು ಎಳೆ. ಒಂಟಿ ಎಳೆಯ ಗಟ್ಟಿ ತಂತಿ ಮೂಲೆಯಲ್ಲಿ ಮುರಿಯುತ್ತದೆ.

ಗ್ಯಾಂಗ್ ಕಂಡೆನ್ಸರ್: ರೇಡಿಯೊದ ಮುಳ್ಳು ತಿರುಗಿಸಿದಾಗ ಒಳಗೆ ತಿರುಗುವ ಭಾಗ ಇದು. ಎರಡು ಬಗೆ. ಹಳೆಯ ವಾಲ್ವ್ ರೇಡಿಯೊಗಳದ್ದು ಅಲ್ಯುಮಿನಿಯಂ ಎಲೆಗಳಿಂದಾದದ್ದು, ಎಲೆಗಳ ನಡುವೆ ಬರಿಯ ಗಾಳಿ. ಒಂದೊಂದು ಭಾಗಕ್ಕೆ ಸುಮಾರು 500 ಪಿಕೊಫ್ಯಾರಡ್ (ಇದು ಧಾರಕತೆಯ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯ ಅಳತೆ). ಚೋರ್ ಬಜಾರಿನಲ್ಲಿ ಸತ್ತ ರೇಡಿಯೊಗಳ ಹೊಟ್ಟೆಯಿಂದ ಇದು ಸಿಗುತ್ತದೆ. ಕೊಳ್ಳುವ ಮೊದಲು ತಿರುಗಿಸಿ ನೋಡಿ, ಎಲೆಗೆ ಎಲೆ ತಾಗಿ ಕರಕರ ಎಂದರೆ ಬೇಡ. ಇನ್ನೊಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಗ್ಯಾಂಗ್. ಸಾಮಾನ್ಯವಾಗಿ ಅದರ ಎರಡೂ ಭಾಗ ಸೇರಿಸಿದರೆ 200 ಪಿಕೊಫ್ಯಾರಡ್ ಆಸುಪಾಸು. ನಾನು ಬಳಸಿದ್ದು ಇದನ್ನೇ. ಜೊತೆಗೆ 100 ಮತ್ತು 220 ಪಿಕೊಫ್ಯಾರಡ್‌ನ ಎರಡು ಚಿಕ್ಕ ಸೆರಾಮಿಕ್ ಕಂಡೆನ್ಸರ್ ತನ್ನಿ. ಯಾಕೆಂದು ಮುಂದೆ ಹೇಳುತ್ತೇನೆ.

ಮರ: 71 ಸೆಂ.ಮೀ. ಉದ್ದದ ಎರಡು ಪಟ್ಟಿ, 9 ಸೆಂ.ಮೀ. ಉದ್ದದ ನಾಲ್ಕು ತುಂಡು. ತುಂಡುಗಳಿಗೆ ನಾನು ಹಾಪುಸ್ ಮಾವಿನ ಪೆಟ್ಟಿಗೆಯ ಹಲಗೆ ಬಳಸಿದೆ. ಮೇ ತಿಂಗಳಲ್ಲಿ ಹಣ್ಣಿನ ಗಾಡಿಯವರ ಹತ್ತಿರ ಖಾಲಿ ಪೆಟ್ಟಿಗೆ ಕೇಳಿದರೆ ಸಾಕು. ಗರಗಸ ಆಡಿಸುವಾಗ ಮನೆಯೆಲ್ಲ ಮಾವಿನ ವಾಸನೆ ಬರುತ್ತದೆ. ಕಬ್ಬಿಣದ ಚೌಕಟ್ಟು, ಅಲ್ಯುಮಿನಿಯಂ ಪಟ್ಟಿ ಬೇಡವೇ ಬೇಡ.

ಚೌಕಟ್ಟು, ಹದಿಮೂರು ಸುತ್ತು

ಎರಡು ಉದ್ದ ಪಟ್ಟಿಗಳ ನಟ್ಟನಡುವೆ ಅರ್ಧ ದಪ್ಪದಷ್ಟು ಕಚ್ಚು ಕೊಯ್ದು, ಒಂದರೊಳಗೊಂದು ಕೂರಿಸಿ ಅಧಿಕ ಚಿಹ್ನೆಯಂತೆ ಮಾಡಿ. ಫೆವಿಕಾಲ್ ಹಚ್ಚಿ ಒಂದೇ ಮೊಳೆ ಹೊಡೆಯಿರಿ. ಒಂದು ರಾತ್ರಿ ಒಣಗಲಿ.

ಈಗ ನಾಲ್ಕು ತುಂಡುಗಳು. ಪ್ರತಿಯೊಂದರ ಅಂಚಿನಲ್ಲಿ ಹದಿಮೂರು ಕಚ್ಚು ಬೇಕು: ಮೊದಲನೆಯದು ತುದಿಯಿಂದ 9 ಮಿ.ಮೀ. ಬಿಟ್ಟು, ಮುಂದಿನವು 6 ಮಿ.ಮೀ.ಗೆ ಒಂದರಂತೆ. ಹೀಗೆ ಮಾಡಿದರೆ ಕೊನೆಯ ಕಚ್ಚಿನ ಆಚೆಗೂ 9 ಮಿ.ಮೀ. ಉಳಿಯುತ್ತದೆ. ನಾಲ್ಕೂ ತುಂಡುಗಳನ್ನು ಒತ್ತಾಗಿ ಹಿಡಿದು ಕ್ಲಾಂಪ್ ಹಾಕಿ ಒಟ್ಟಿಗೆ ಕೊಯ್ದರೆ ಕಚ್ಚುಗಳು ಒಂದೇ ಸಾಲಿಗೆ ಬರುತ್ತವೆ. ತಂತಿ ಕೂರುವಷ್ಟೇ ಆಳ ಸಾಕು. ಈ ತುಂಡುಗಳನ್ನು ಪಟ್ಟಿಗಳ ನಾಲ್ಕು ತುದಿಗೆ ಅಡ್ಡಲಾಗಿ, ಪ್ರತಿ ತುದಿಯೂ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುವ ಹಾಗೆ, ಕಚ್ಚುಗಳು ಹೊರಮುಖವಾಗಿ ಬಡಿಯಿರಿ.

ಕೆಳಗಿನ ತುಂಡಿನಲ್ಲಿ ಒಂದು ತೂತು ಕೊರೆದು ತಂತಿಯ ತುದಿ ಹಾಯಿಸಿ, 30 ಸೆಂ.ಮೀ. ಬಾಲ ಬಿಟ್ಟು ಗಂಟು ಹಾಕಿ. ಅಲ್ಲಿಂದ ಸುತ್ತಲು ತೊಡಗಿ. ಮೊದಲ ಸುತ್ತು ನಾಲ್ಕೂ ಮೂಲೆಯ ಮೊದಲ ಕಚ್ಚಿನಲ್ಲಿ, ಎರಡನೆಯದು ಎರಡನೆಯ ಕಚ್ಚಿನಲ್ಲಿ. ತಂತಿ ಜೋತು ಬೀಳಬಾರದು, ತಂಬೂರಿಯಂತೆ ಬಿಗಿಯಲೂ ಬಾರದು. ಮಾವಿನ ಪೆಟ್ಟಿಗೆಯ ಮರ ಮೃದು, ಬಾಗುತ್ತದೆ. ಒಂದೊಂದು ಬದಿ ಸುಮಾರು 50 ಸೆಂ.ಮೀ. ಆಗುವುದರಿಂದ ಸುತ್ತಿಗೆ ಎರಡು ಮೀಟರ್, ಹದಿಮೂರಕ್ಕೆ 26 ಮೀಟರ್. ಉಳಿದದ್ದು ಬಾಲಕ್ಕೆ ಮತ್ತು ತಪ್ಪಿಗೆ.

ತಪ್ಪು ಆಗುತ್ತದೆ. ನಾನು ಸುತ್ತುತ್ತಿದ್ದಾಗ ಏಳನೆಯ ಸುತ್ತಿನಲ್ಲಿ ಫೋನ್ ಬಂತು. ಮುಗಿಸಿ ನೋಡಿದರೆ ಮೇಲಿನ ತುಂಡಿನಲ್ಲಿ ಹದಿಮೂರು, ಎಡದ ತುಂಡಿನಲ್ಲಿ ಹನ್ನೆರಡು. ಒಂದು ಕಡೆ ಎರಡು ತಂತಿ ಒಂದೇ ಕಚ್ಚಿಗೆ ಇಳಿದಿದ್ದವು. ಸುತ್ತು ಎಣಿಸುವಾಗ ಯಾವಾಗಲೂ ಕೆಳಗಿನ ತುಂಡನ್ನೇ ನೋಡಿ ಎಣಿಸಿ, ಫೋನನ್ನು ಬೇರೆಯವರ ಕೈಗೆ ಕೊಡಿ.

ಗ್ಯಾಂಗ್ ಜೋಡಿಸುವುದು

ಲಂಬ ಪಟ್ಟಿಯ ಕೆಳಭಾಗದಲ್ಲಿ ಗ್ಯಾಂಗನ್ನು ಅಂಟಿಸಿ. ಪ್ಲಾಸ್ಟಿಕ್ ಗ್ಯಾಂಗಿಗೆ ಮೂರು ಕಾಲು ಇದ್ದರೆ ನಡುವಿನದು ಎರಡೂ ಭಾಗಕ್ಕೆ ಸಾಮಾನ್ಯವಾದದ್ದು. ಹೊರಗಿನ ಎರಡು ಕಾಲುಗಳನ್ನು ತುಂಡು ತಂತಿಯಿಂದ ಒಂದಾಗಿಸಿ, ಆಗ ಎರಡೂ ಭಾಗ ಕೂಡಿಕೊಳ್ಳುತ್ತವೆ. ಸುರುಳಿಯ ಒಂದು ಬಾಲ ಈ ಜೋಡಿಗೆ, ಇನ್ನೊಂದು ಬಾಲ ನಡುವಿನ ಕಾಲಿಗೆ. ಬೆಸುಗೆ ಕಡ್ಡಿಯನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಒಳಗಿನ ಪ್ಲಾಸ್ಟಿಕ್ ಹಾಳೆ ಕರಗಿ ಗ್ಯಾಂಗು ಕೆಡುತ್ತದೆ. ನನ್ನ ಮೊದಲ ಗ್ಯಾಂಗು ಸತ್ತದ್ದು ಹಾಗೆ.

ಲೆಕ್ಕ ಇಷ್ಟು: 50 ಸೆಂ.ಮೀ. ಬದಿಯ ಹದಿಮೂರು ಸುತ್ತಿನ ಈ ಸುರುಳಿಗೆ ಸುಮಾರು 180 ಮೈಕ್ರೊಹೆನ್ರಿ (ಸುರುಳಿಯ ಪ್ರೇರಕತೆಯ ಅಳತೆ) ಬರುತ್ತದೆ. ಅದು 765 ಕಿಲೊಹರ್ಟ್ಸಿಗೆ ಕೂರಬೇಕಾದರೆ 240 ಪಿಕೊಫ್ಯಾರಡ್ ಬೇಕು, 612ಕ್ಕೆ ಕೂರಬೇಕಾದರೆ 375. ಐನೂರರ ಗಾಳಿ ಗ್ಯಾಂಗ್ ಇದ್ದವರಿಗೆ ಒಂದೇ ಭಾಗದಲ್ಲಿ ಎರಡೂ ಸಿಗುತ್ತವೆ, ಇಡೀ ಮೀಡಿಯಂ ವೇವ್ ಪಟ್ಟಿಯೇ ಸಿಗುತ್ತದೆ. ಪ್ಲಾಸ್ಟಿಕ್ ಗ್ಯಾಂಗು ಇನ್ನೂರಕ್ಕೇ ನಿಲ್ಲುತ್ತದೆ, ತಂತಿಗಳ ನಡುವೆ ತಾನಾಗಿ ಇರುವ ಅಲ್ಪಸ್ವಲ್ಪ ಕೂಡಿದರೂ ಧಾರವಾಡಕ್ಕೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಅದಕ್ಕೇ ಆ ಚಿಕ್ಕ ಕಂಡೆನ್ಸರುಗಳು. ಗ್ಯಾಂಗಿನ ಎರಡು ತುದಿಗೆ ಅಡ್ಡಲಾಗಿ 100 ಪಿಕೊಫ್ಯಾರಡ್ ಹಚ್ಚಿದರೆ ಧಾರವಾಡ ವ್ಯಾಪ್ತಿಗೆ ಬರುತ್ತದೆ, 220 ಹಚ್ಚಿದರೆ ಬೆಂಗಳೂರು. ನಾನು ನಡುವೆ ಒಂದು ಚಿಕ್ಕ ಸ್ವಿಚ್ಚು ಕೂರಿಸಿ ಮೇಲೆ "ಧಾ", "ಬೆಂ" ಎಂದು ಬರೆದಿದ್ದೇನೆ.

ಕೊನೆಯದಾಗಿ ಗ್ಯಾಂಗಿನ ದಂಡಕ್ಕೆ ಒಂದು ಹಿಡಿ. ಬೆರಳು ಲೋಹಕ್ಕೆ ತಾಗಿದರೆ, ಹತ್ತಿರ ಬಂದರೂ ಸಾಕು, ಮೈಯ ಧಾರಕತೆ ಸೇರಿ ಸ್ಥಾನ ಜರುಗುತ್ತದೆ. ಸರಿಯಾಗಿ ಹೊಂದಿಸಿ ಕೈ ತೆಗೆದೊಡನೆ ಕೇಂದ್ರ ಓಡಿಹೋಗುತ್ತದೆ. ಬಾಲ್‌ಪೆನ್ನಿನ ಉದ್ದ ಪ್ಲಾಸ್ಟಿಕ್ ಟೋಪಿಯನ್ನು ಅಂಟಿಸಿದರೆ ಈ ಕಾಟ ತಪ್ಪುತ್ತದೆ.

ರೇಡಿಯೊಗೆ ತಂತಿ ಬೇಡ

ಈ ಆಂಟೆನಾದಿಂದ ರೇಡಿಯೊಗೆ ಯಾವ ತಂತಿಯೂ ಹೋಗುವುದಿಲ್ಲ. ನೋಡಿದವರು ನಂಬುವುದಿಲ್ಲ. ಟ್ರಾನ್ಸಿಸ್ಟರಿನೊಳಗೆ ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಮೀಡಿಯಂ ವೇವ್ ಹಿಡಿಯುವುದು ಅದೇ. ಮೇಲೆ ಎಳೆಯುವ ಉದ್ದ ಸರಿಗೆಗೂ ಮೀಡಿಯಂ ವೇವಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ನಮ್ಮ ದೊಡ್ಡ ಸುರುಳಿ ಅಲೆಯನ್ನು ಕೂಡಿಸಿಕೊಂಡು ತನ್ನ ಸುತ್ತ ಬಲವಾದ ಕಾಂತಕ್ಷೇತ್ರ ಕಟ್ಟುತ್ತದೆ, ಕಡ್ಡಿ ಅದನ್ನು ಹೀರುತ್ತದೆ.

ಆದ್ದರಿಂದ ಕಡ್ಡಿ ಯಾವ ದಿಕ್ಕಿಗಿದೆ ಎಂಬುದು ಮುಖ್ಯ. ಬಹುತೇಕ ಟ್ರಾನ್ಸಿಸ್ಟರುಗಳಲ್ಲಿ ಅದು ಪೆಟ್ಟಿಗೆಯ ಉದ್ದಕ್ಕೆ, ಮೇಲಂಚಿನಲ್ಲಿ ಮಲಗಿರುತ್ತದೆ. ಕಡ್ಡಿಯ ಉದ್ದ ಸುರುಳಿಯ ಮೂತಿಯೊಳಗೆ ತೂರುವ ದಿಕ್ಕಿನಲ್ಲಿ ಇರಬೇಕು, ಸೂಜಿ ಬಳೆಯೊಳಗೆ ಹಾಯುವ ಹಾಗೆ. ಬಳೆಯ ಮೈಗೆ ಸಮವಾಗಿ ಇಟ್ಟರೆ ಏನೂ ಆಗುವುದಿಲ್ಲ. ಇಷ್ಟನ್ನು ನೋಡಿಕೊಂಡು ರೇಡಿಯೊವನ್ನು ಸುರುಳಿಯ ಒಳಗೆ ಅಥವಾ ಒಂದು ಗೇಣು ದೂರದಲ್ಲಿ ಇಡಿ.

ಮೊದಲು ರೇಡಿಯೊದ ಮುಳ್ಳನ್ನು 765ಕ್ಕೆ ತನ್ನಿ, ಚರಚರವೇ ಕೇಳಿದರೂ ಸರಿ. ಈಗ ಪೆನ್ ಟೋಪಿಯನ್ನು ನಿಧಾನವಾಗಿ, ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಿ. ಒಂದು ಜಾಗದಲ್ಲಿ ಪರದೆ ಸರಿಸಿದಂತೆ ದನಿ ಎದ್ದು ಬರುತ್ತದೆ. ಆ ಜಾಗ ಬಹಳ ಕಿರಿದು, ಬೇಗ ತಿರುಗಿಸಿದರೆ ಗೊತ್ತಾಗದೆ ದಾಟಿ ಹೋಗುತ್ತೀರಿ. ರೇಡಿಯೊದ ಮುಳ್ಳು ಬದಲಿಸಿದಾಗಲೆಲ್ಲ ಗ್ಯಾಂಗನ್ನೂ ಮತ್ತೆ ಹೊಂದಿಸಬೇಕು.

ಬೇಡವಾದದ್ದಕ್ಕೆ ಮುಖ ತೋರಿಸಿ

ಎಲ್ಲರೂ ಮಾಡುವ ತಪ್ಪು ಇಲ್ಲೇ. ಆಂಟೆನಾವನ್ನು ಬೇಕಾದ ಊರಿನ ಕಡೆ ತಿರುಗಿಸಬೇಕು ಎಂದುಕೊಂಡು ಇಂಚು ಇಂಚು ಸರಿಸುತ್ತ ಕೂರುತ್ತಾರೆ. ಲೂಪ್ ಆಂಟೆನಾದ ಅಂಚು ಯಾವ ಕಡೆ ನೋಡುತ್ತದೋ ಆ ಕಡೆಯ ಅಲೆ ಚೆನ್ನಾಗಿ ಬರುತ್ತದೆ ಎಂಬುದು ನಿಜ. ಆದರೆ ಆ "ಚೆನ್ನಾಗಿ" ಬಹಳ ಅಗಲ. ಮೂವತ್ತು ಡಿಗ್ರಿ ತಪ್ಪಿದರೂ ನಷ್ಟ ಏಳರಲ್ಲಿ ಒಂದು ಪಾಲು, ಕಿವಿಗೆ ಗೊತ್ತೇ ಆಗುವುದಿಲ್ಲ. ಸೂಜಿಯಷ್ಟು ಕಿರಿದಾಗಿರುವುದು ಅದರ ಕುರುಡು ದಿಕ್ಕು. ಲೂಪಿನ ಅಗಲ ಮುಖ ಯಾವ ಕಡೆ ನೋಡುತ್ತದೋ ಆ ಕಡೆಯಿಂದ ಬರುವುದು ಅದಕ್ಕೆ ಕೇಳಿಸುವುದಿಲ್ಲ. ಜಾಣತನವಿರುವುದು ಈ ಕಿವುಡನ್ನು ಬಳಸಿಕೊಳ್ಳುವುದರಲ್ಲಿ.

ಡೊಂಬಿವಲಿಯವರಿಗೆ ಭೂಗೋಳವೇ ನೆರವಾಗಿದೆ. ಮುಂಬಯಿ ಆಕಾಶವಾಣಿಯ 558 ಮತ್ತು 1044 ಕಿಲೊಹರ್ಟ್ಸ್ ಪ್ರೇಷಕಗಳು ಮಲಾಡಿನಲ್ಲಿವೆ, ನಮಗೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. 612ರ ಬೆಂಗಳೂರನ್ನು ಹಿಡಿಯಲು ಹೋದವರ ಕಿವಿಯ ಮೇಲೆ ಪಕ್ಕದ 558 ಕೂತು ಕೂಗುವುದು ಇದರಿಂದ. ಧಾರವಾಡ ದಕ್ಷಿಣದಿಂದ ಪೂರ್ವಕ್ಕೆ ಸುಮಾರು 26 ಡಿಗ್ರಿ, ಬೆಂಗಳೂರು 35 ಡಿಗ್ರಿ. ಈಗ ಲೂಪನ್ನು ಅದರ ಅಂಚು ಉತ್ತರ ದಕ್ಷಿಣಕ್ಕೆ ಬರುವಂತೆ ನಿಲ್ಲಿಸಿ. ಅಗಲ ಮುಖ ಪಶ್ಚಿಮಕ್ಕೆ, ಮಲಾಡಿಗೆ ಬಂತು. ಮಲಾಡು ಕುಸಿಯುತ್ತದೆ, ಧಾರವಾಡದ ನಷ್ಟ ಹತ್ತರಲ್ಲಿ ಒಂದು ಪಾಲು, ಬೆಂಗಳೂರಿನದು ಐದರಲ್ಲಿ ಒಂದು ಪಾಲು. ಥಾಣೆ, ಮುಲುಂದಿನವರಿಗೂ ಈ ಲೆಕ್ಕ ಹೊಂದುತ್ತದೆ. ಮಲಾಡಿನಲ್ಲೇ ಮನೆ ಇರುವವರ ಬಗ್ಗೆ ನನಗೆ ಕನಿಕರವಿದೆ. ಪುಣೆಯವರಿಗೆ ಕಾಟ ಕೊಡುವುದು ತಮ್ಮದೇ ಊರಿನ 792. ಅದು 765ರಿಂದ ಬರೀ 27 ಕಿಲೊಹರ್ಟ್ಸ್ ಆಚೆ. ರೇಡಿಯೊವನ್ನು 792ಕ್ಕೆ ಹಚ್ಚಿ, ಲೂಪು ತಿರುಗಿಸುತ್ತ ಅದು ಅತ್ಯಂತ ಕ್ಷೀಣವಾಗುವ ದಿಕ್ಕು ಕಂಡುಹಿಡಿದು, ಅದೇ ದಿಕ್ಕಿನಲ್ಲಿ ನಿಲ್ಲಿಸಿ 765ಕ್ಕೆ ಬನ್ನಿ. ಗೋವಾದಲ್ಲಿ ಇರುವವರಿಗೆ ಇಷ್ಟೆಲ್ಲ ಸರ್ಕಸ್ಸು ಬೇಡ. ಪಣಜಿಯಿಂದ ಧಾರವಾಡ ನೇರ ಪೂರ್ವಕ್ಕೆ ಸುಮಾರು 125 ಕಿ.ಮೀ. ಅಷ್ಟೇ.

ಈ ಉಪಾಯ ಹತ್ತಿರದ ಕೇಂದ್ರದ ಮೇಲೆ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅದರ ಅಲೆ ನೆಲ ಹಿಡಿದು ಒಂದೇ ದಿಕ್ಕಿನಿಂದ ಬರುತ್ತದೆ. ಪಕ್ಕದ ಮನೆಯ ಗದ್ದಲದ ಮೇಲೂ ನಡೆಯುತ್ತದೆ. ಗೋಡೆಯಾಚೆ ಕಿರುಚುವ ಅಡಾಪ್ಟರಿಗೆ ಅಗಲ ಮುಖ ತೋರಿಸಿ, ಅರ್ಧ ಜಗಳ ತಪ್ಪುತ್ತದೆ.

ತಿರುಗಿಸಲು ಸುಲಭವಾಗಲೆಂದು ನಾನು ಲೂಪನ್ನು ಬಾಲ್ಕನಿಯ ಬಟ್ಟೆ ಒಣಗಿಸುವ ರಾಟೆಯಿಂದ ನೈಲಾನ್ ಹಗ್ಗದಲ್ಲಿ ತೂಗುಹಾಕಿದ್ದೇನೆ. ಕಬ್ಬಿಣದ ಗ್ರಿಲ್ಲಿನಿಂದ ಒಂದು ಮೀಟರ್ ದೂರ, ಒಳಗಡೆಗೆ ಇರಲಿ. ಗ್ರಿಲ್ಲಿಗೆ ಒರಗಿಸಿಟ್ಟರೆ ಕುರುಡು ದಿಕ್ಕು ಮಸುಕಾಗಿಬಿಡುತ್ತದೆ.

ಕೇಳದಿದ್ದರೆ

ಗ್ಯಾಂಗು ಎಷ್ಟು ತಿರುಗಿಸಿದರೂ ದನಿಯಲ್ಲಿ ಏರಿಳಿತವೇ ಇಲ್ಲ: ಬೆಸುಗೆ ಬಿಟ್ಟಿದೆ, ಇಲ್ಲವೇ ಗ್ಯಾಂಗು ಒಳಗೆ ಸುಟ್ಟಿದೆ. ಇದನ್ನು ಹಗಲಲ್ಲೂ ನೋಡಬಹುದು. ಖಾಲಿ ಜಾಗಕ್ಕೆ ಮುಳ್ಳು ಇಟ್ಟು ಗ್ಯಾಂಗು ತಿರುಗಿಸಿದರೆ ಒಂದು ಕಡೆ ಚರಚರವೇ ಉಬ್ಬಬೇಕು. ಗ್ಯಾಂಗು ಪೂರ್ತಿ ಮುಚ್ಚಿದ, ಅಂದರೆ ಧಾರಕತೆ ಅತಿ ಹೆಚ್ಚಾದ ತುದಿಗೆ ಬಂದಾಗಲೂ ದನಿ ಏರುತ್ತಲೇ ಇದ್ದರೆ ಧಾರಕತೆ ಸಾಲದು, ಇನ್ನೊಂದು ಚಿಕ್ಕ ಕಂಡೆನ್ಸರ್ ಕೂಡಿಸಿ. ಪೂರ್ತಿ ತೆರೆದ ತುದಿಯಲ್ಲಿ ಹಾಗಾದರೆ ಕೂಡಿಸಿದ್ದನ್ನು ತೆಗೆಯಿರಿ, ಅಥವಾ ಒಂದು ಸುತ್ತು ಬಿಚ್ಚಿ. ದನಿ ಅಲೆಯಂತೆ ಏರಿ ಇಳಿದು ಮಾಡಿದರೆ ಅದು ನಿಮ್ಮ ತಪ್ಪಲ್ಲ, ಆಕಾಶದ ಪದರ ಅಲುಗಾಡುತ್ತಿದೆ.

ಎಫ್‌ಎಂಗೆ ಬೇರೆ ಉಪಾಯ

ಈ ಲೂಪು ಎಫ್‌ಎಂಗೆ ಕೆಲಸಕ್ಕೆ ಬಾರದು. ಅಲ್ಲಿ ಬೇಕಾದದ್ದು ಎರಡು ಕೈ ಚಾಚಿದ ಡೈಪೋಲ್. ಮುಂಬಯಿಯ ಎಫ್‌ಎಂ ಗೋಲ್ಡ್ 100.7ರಲ್ಲಿ, ರೇನ್‌ಬೋ 107.1ರಲ್ಲಿ ಇವೆ. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ: ನೂರಕ್ಕೆ 1.43 ಮೀಟರ್, ಅಂದರೆ ಒಂದೊಂದು ಕೈಗೆ 71 ಸೆಂ.ಮೀ.ಗೆ ತುಸು ಹೆಚ್ಚು. ಎರಡು ತುಂಡು ತಂತಿಯನ್ನು ಒಂದು ಕೋಲಿನ ಮೇಲೆ ಎದುರುಬದುರು ಕಟ್ಟಿ, ನಡುವೆ ಎರಡು ಸೆಂ.ಮೀ. ಬಿಡಿ. ಅಲ್ಲಿಂದ ಕೇಬಲ್ ಟಿವಿಯ ಆರ್‌ಜಿ-6 ವೈರು: ಒಳಗಿನ ತಂತಿ ಒಂದು ಕೈಗೆ, ಹೊರಗಿನ ಜಾಲರಿ ಇನ್ನೊಂದಕ್ಕೆ. ಕೇಬಲ್ ಟಿವಿ ವೈರಿನ ಜಾಲರಿ ಸಾಮಾನ್ಯವಾಗಿ ಅಲ್ಯುಮಿನಿಯಂ, ಬೆಸುಗೆ ಕೂರುವುದಿಲ್ಲ. ಅರ್ಧ ಗಂಟೆ ಕಡ್ಡಿ ಹಿಡಿದು ಬೆವರಬೇಡಿ, ಎಲೆಕ್ಟ್ರಿಷಿಯನ್ನರು ಬಳಸುವ ಸ್ಕ್ರೂ ಕನೆಕ್ಟರ್ ಹಾಕಿ ಬಿಗಿಯಿರಿ. ಕೋಲನ್ನು ಅಡ್ಡವಾಗಿಯೂ ನೆಟ್ಟಗೂ ಹಿಡಿದು ನೋಡಿ, ಚೆನ್ನಾಗಿ ಕೇಳಿದ ಕಡೆ ಕಟ್ಟಿ. ಎಫ್‌ಎಂನಲ್ಲಿ ಎತ್ತರವೇ ಎಲ್ಲ, ನೆಲಮಹಡಿಯಲ್ಲಿ ಇದು ದೊಡ್ಡ ಪವಾಡ ಮಾಡುವುದಿಲ್ಲ.

ಮೊಬೈಲಿಗೂ ಹೀಗೊಂದು ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಕಟ್ಟಬೇಡಿ, ಕೊಳ್ಳಲೂ ಬೇಡಿ. ಮೊಬೈಲ್ ಸಿಗ್ನಲ್ ಬೂಸ್ಟರ್ ಕೇಳುವುದಷ್ಟೇ ಅಲ್ಲ, ತಾನೂ ಪ್ರಸಾರ ಮಾಡುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಸುತ್ತಲಿನ ನಾಲ್ಕು ಕಟ್ಟಡಗಳ ಮಾತು ಕೆಡುತ್ತದೆ. ಮನೆಯಲ್ಲಿ ವೈಫೈ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿಕೊಂಡರೆ ಮುಗಿಯಿತು.

ಮಳೆಗಾಲ

ಜೂನ್ ಬರುವ ಮೊದಲು ಎರಡು ಕೆಲಸ. ಬೆಸುಗೆಯ ಮೇಲೆಲ್ಲ ಉಗುರುಬಣ್ಣ ಹಚ್ಚಿ, ಇಲ್ಲದಿದ್ದರೆ ನಮ್ಮ ಉಪ್ಪುಗಾಳಿಗೆ ತಾಮ್ರ ಹಸಿರು ಹಿಡಿಯುತ್ತದೆ. ಪ್ಲಾಸ್ಟಿಕ್ ಗ್ಯಾಂಗನ್ನು ಖಾಲಿ ಡಬ್ಬಿಯೊಂದರಿಂದ ಮುಚ್ಚಿ. ಮೇ ಕೊನೆಯ ಗುಡುಗು ಮಿಂಚಿನ ದಿನಗಳಲ್ಲಿ ಮೀಡಿಯಂ ವೇವ್ ಹೇಗೂ ಪಟಪಟ ಎನ್ನುತ್ತದೆ, ಮಿಂಚು ಕಂಡೊಡನೆ ಲೂಪನ್ನು ಒಳಗೆ ತನ್ನಿ. ತಾರಸಿಗೆ ಯಾವ ತಂತಿಯನ್ನೂ ಏರಿಸಬೇಡಿ. ಸಿಡಿಲಿನ ಮಾತು ಹಾಗಿರಲಿ, ಅಂಚಿನಲ್ಲಿ ವಿದ್ಯುತ್ ತಂತಿ ಹಾದಿರುತ್ತದೆ, ಸೊಸೈಟಿಯ ಸೆಕ್ರೆಟರಿಯೂ ಇರುತ್ತಾರೆ.

ನಮ್ಮ ಬಾಲ್ಕನಿಯ ಟೈಲಿನ ಮೇಲೆ ಈಗ ಎರಡು ಸೀಮೆಸುಣ್ಣದ ಗೆರೆಗಳಿವೆ. ಒಂದು ಲೂಪಿನ ಅಂಚು ಧಾರವಾಡಕ್ಕೆ ನಿಲ್ಲುವ ಜಾಗ, ಇನ್ನೊಂದು ಪಕ್ಕದ ಮನೆಯವರು ಇನ್ವರ್ಟರ್ ಹಚ್ಚಿದಾಗ ನಿಲ್ಲಬೇಕಾದ ಜಾಗ. ನೆಲ ಒರೆಸುವ ಕೆಲಸದವಳಿಗೆ ಅವುಗಳನ್ನು ಅಳಿಸಬಾರದೆಂದು ಅವ್ವ ತನ್ನ ಹರಕುಮುರುಕು ಮರಾಠಿಯಲ್ಲಿ ತಿಳಿಸಿ ಹೇಳಿದ್ದಾಳೆ. ಮೊನ್ನೆ ರಾತ್ರಿ ನಾನು ಕಚೇರಿಯಿಂದ ಬಂದಾಗ ಅಡುಗೆಮನೆಯ ಟ್ಯೂಬು ಆರಿತ್ತು, ಒಲೆಯ ಮುಂದೆ ಮೇಣದಬತ್ತಿ ಇಟ್ಟುಕೊಂಡು ಹೆಂಡತಿ ಚಪಾತಿ ಬೇಯಿಸುತ್ತಿದ್ದಳು. ಬಾಲ್ಕನಿಯಲ್ಲಿ ಕನ್ನಡ ವಾರ್ತೆ ಓದುತ್ತಿದ್ದರು.